ಹದಿನೇಳಿಂಚು ಬೇಡ ಮೇಷ್ಟ್ರೇ, ಹದಿನೈದೇ ಸಾಕು

ಬನ್ನಿ ಮೇಷ್ಟ್ರೇ, ಇಲ್ಲೇ ಕಾಂಪೌಂಡ್ ಹತ್ರ ನಿಂತು ಮಾತಾಡೋಣ. ಡಿಸೈರ್ ಟೈರು ನಾಲ್ಕೂ ಸವೆದಿವೆ, ಮಗರಾಯ ಹದಿನೇಳಿಂಚಿನ ಅಲಾಯ್ ಹಾಕಿಸೋಣ ಅಂತ ಹಟ ಹಿಡಿದಿದಾನೆ ಅಂದ್ರಲ್ಲ. ಹುಡುಗನ ಆಸೆ ತಪ್ಪಲ್ಲ ಬಿಡಿ. ಕಬ್ಬಿಣದ ರಿಮ್ಮು, ಮೇಲೊಂದು ಪ್ಲಾಸ್ಟಿಕ್ ಕ್ಯಾಪು, ಆ ವಯಸ್ಸಿಗೆ ಸಪ್ಪೆ ಅನ್ನಿಸೋದೇ. ಆದ್ರೆ ಜೆ.ಸಿ. ರಸ್ತೆಯ ಟೈರಂಗಡಿಗೆ ಗಾಡಿ ತಿರುಗಿಸೋ ಮುಂಚೆ ಮನೇಲೇ ಕೂತು ಒಂದು ಲೆಕ್ಕ ಮಾಡಿಬಿಡಿ. ನಿಮಗೆ ಲೆಕ್ಕ ಹೇಳಿಕೊಡಬೇಕಾ!

ನಿಮ್ಮ ಟೈರಿನ ಪಕ್ಕದಲ್ಲಿ 165/80 ಆರ್14 ಅಂತ ಅಚ್ಚು ಹಾಕಿದಾರೆ ನೋಡಿ. 165 ಅಂದ್ರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಸೈಡ್‌ವಾಲ್ ಎತ್ತರ ಆ ಅಗಲದ ಶೇಕಡಾ 80, ಅಂದ್ರೆ 132 ಮಿ.ಮೀ. ಹದಿನಾಲ್ಕಿಂಚಿನ ರಿಮ್ಮು 355.6 ಮಿ.ಮೀ. ಅದಕ್ಕೆ ಮೇಲೊಂದು, ಕೆಳಗೊಂದು ಸೈಡ್‌ವಾಲ್ ಕೂಡಿಸಿ, ಚಕ್ರದ ಒಟ್ಟು ಎತ್ತರ 620ರ ಹತ್ತಿರ ಬರುತ್ತೆ. ಸ್ಪೀಡೋಮೀಟರು, ಗೇರು, ಮಡ್‌ಗಾರ್ಡಿನ ಒಳಗಿನ ಜಾಗ, ಎಲ್ಲಾ ಆ ಎತ್ತರಕ್ಕೆ ಹೊಂದಿಸಿರೋದು. ರಿಮ್ಮು ದೊಡ್ಡದಾದಷ್ಟೂ ಸೈಡ್‌ವಾಲ್ ಚಿಕ್ಕದಾಗಬೇಕು, ಒಟ್ಟು ಎತ್ತರ ಮಾತ್ರ ಅಲ್ಲಾಡಬಾರದು.

ನಿಮ್ಮ ಡಿಸೈರಿನದ್ದೇ ಮೇಲಿನ ಮಾಡೆಲ್‌ಗೆ ಕಂಪನಿಯವರು 185/65 ಆರ್15 ಕೊಟ್ಟಿದಾರೆ. ಲೆಕ್ಕ ಹಾಕಿ, 621.5 ಮಿ.ಮೀ. ಬರುತ್ತೆ, ವ್ಯತ್ಯಾಸ ಎರಡೇ ಮಿಲಿಮೀಟರು. ಹದಿನಾರಕ್ಕೆ ಹೋದ್ರೆ 195/55 ಆರ್16, ಅದೂ 621. ನಿಮ್ಮ ಹುಡುಗ ಹೇಳೋ ಹದಿನೇಳಕ್ಕೆ 205/45 ಹಾಕಿದ್ರೂ 616 ಬರುತ್ತೆ. ‘ಹಾಗಾದ್ರೆ ಕೂರುತ್ತಲ್ಲ, ಮತ್ತೇನು ತೊಂದ್ರೆ?’ ಅಂತೀರಿ. ಕೂರುತ್ತೆ ಮೇಷ್ಟ್ರೇ, ಆದ್ರೆ ಸೈಡ್‌ವಾಲ್ ಎಷ್ಟು ಉಳೀತು ನೋಡಿ. ಹದಿನಾಲ್ಕರಲ್ಲಿ 132 ಇತ್ತು, ಹದಿನೈದಕ್ಕೆ 120, ಹದಿನಾರಕ್ಕೆ 107, ಹದಿನೇಳಕ್ಕೆ ಬರೀ 92. ನಾಲ್ಕು ಸೆಂಟಿಮೀಟರ್ ರಬ್ಬರು, ಗಾಳಿ ಹೋಗಿ ಆ ಜಾಗಕ್ಕೆ ಲೋಹ ಬಂತು.

ನಮ್ಮ ಬಡಾವಣೆ ತಿರುವಿನಲ್ಲಿ ಪೈಪಿಗೆ ಅಗೆದು ಅರ್ಧಂಬರ್ಧ ಮುಚ್ಚಿರೋ ಗುಂಡಿ ಇದೆಯಲ್ಲ, ಅದರಲ್ಲಿ ತೆಳ್ಳನೆ ಟೈರು ಜೋರಾಗಿ ಬಿದ್ರೆ ಗುಂಡಿಯ ಅಂಚಿಗೂ ರಿಮ್ಮಿಗೂ ಮಧ್ಯೆ ರಬ್ಬರು ಜಜ್ಜಿಹೋಗುತ್ತೆ. ಒಳಗೆ ನೇಯ್ದಿರೋ ನೂಲು ಕತ್ತರಿಸುತ್ತೆ. ಹೊರಗೆ ಗೀರೂ ಇರಲ್ಲ. ಆಮೇಲೆ ಸೈಡ್‌ವಾಲ್‌ನಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಏಳುತ್ತೆ. ನೂಲು ಹೋದ ಕಡೆ ಗಾಳಿ ತಳ್ಳಿಕೊಂಡು ಬಂದಿದ್ದು ಅದು. ಪಂಕ್ಚರ್ ಅಂಗಡಿಯವನು ಅದಕ್ಕೆ ಪ್ಯಾಚ್ ಹಾಕೋ ಹಾಗಿಲ್ಲ. ಹೈವೇಲಿ ಸಿಡಿದೀತು, ಆ ಟೈರು ತೆಗೆದು ಎಸೀಲೇಬೇಕು. ಜೊತೆಗೆ ರಿಮ್ಮಿನ ಅಂಚು ಸೊಟ್ಟಗಾದ್ರೆ ಅದರ ಖರ್ಚು ಬೇರೆ. ಹಿಂದಿನ ಸೀಟಿನಲ್ಲಿ ಕೂರೋ ನಿಮ್ಮ ಅಮ್ಮನವರ ಸೊಂಟಕ್ಕೂ ಪ್ರತಿ ಹಂಪು ಗೊತ್ತಾಗುತ್ತೆ.

ಇನ್ನೊಂದು ಮಾತು. ಅಂಗಡೀಲಿ ‘ಹದಿನೈದೇ ಹಾಕಿ, ಆದ್ರೆ ಸ್ವಲ್ಪ ದಪ್ಪಗೆ 195/65 ಹಾಕಿ ಸಾರ್, ಗ್ರಿಪ್ ಚೆನ್ನಾಗಿರುತ್ತೆ’ ಅಂದಾರು. ಆಗ ಒಟ್ಟು ಎತ್ತರ 634 ದಾಟುತ್ತೆ. ಶೇಕಡಾ ಎರಡಕ್ಕಿಂತ ಹೆಚ್ಚು ಅದು. ಮೀಟರು 100 ತೋರಿಸಿದಾಗ, ಮೊದಲಿಗಿಂತ ಎರಡು ಕಿಲೋಮೀಟರ್ ಜಾಸ್ತಿ ವೇಗದಲ್ಲಿ ಇರ್ತೀರಿ. ಐದು ಜನ ಕೂತು ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜೋ ಸಂಭವವೂ ಇದೆ. ಶೇಕಡಾ ಮೂರರ ಒಳಗಿದ್ರೆ ನಡೆಯುತ್ತೆ ಅನ್ನೋದು ಈ ಕಸುಬಿನವರ ರೂಢಿ. ಒಂದರ ಒಳಗೇ ಸಿಗೋವಾಗ ಎರಡಕ್ಕೆ ಯಾಕೆ ಹೋಗ್ಬೇಕು?

ಸೆಕೆಂಡ್ ಹ್ಯಾಂಡ್ ಅಲಾಯ್ ಕಡಿಮೆಗೆ ಸಿಗುತ್ತೆ ಅಂತ ನಿಮ್ಮ ಹುಡುಗ ಹೇಳ್ತಿದ್ನಲ್ಲ, ಅಲ್ಲೂ ಹುಷಾರು. ಡಿಸೈರಿಗೆ ನಾಲ್ಕು ಬೋಲ್ಟು, 100 ಮಿ.ಮೀ. ವೃತ್ತದಲ್ಲಿ. ಹಳೇ ಹೋಂಡಾ ಸಿಟಿಗೂ ಅದೇ, ಹಾಗಾಗಿ ಅದರ ಅಲಾಯ್ ಇದಕ್ಕೆ ಸಲೀಸಾಗಿ ಕೂತುಬಿಡುತ್ತೆ. ಆದ್ರೆ ನಡುವಿನ ತೂತು ಸಿಟಿಯದ್ದು 56.1, ಡಿಸೈರಿನದ್ದು 54.1. ಎರಡು ಮಿಲಿಮೀಟರ್ ಸಡಿಲ. ಸರಿಯಾದ ಹಬ್ ರಿಂಗ್ ಹಾಕದಿದ್ರೆ ಚಕ್ರ ನಟ್ಟ ನಡುವೆ ಕೂರದೆ, ವೇಗ ಏರಿದಾಗ ಸ್ಟೇರಿಂಗ್ ನಡುಗಬಹುದು. ಆಫ್‌ಸೆಟ್ಟೂ ಕೇಳಿ, ಅಂದ್ರೆ ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂರೋ ಮುಖಕ್ಕೆ ಇರೋ ದೂರ. ಅದು ಕಡಿಮೆಯಾದ್ರೆ ಚಕ್ರ ಹೊರಗೆ ಚಾಚುತ್ತೆ, ಬೇರಿಂಗಿಗೆ ಭಾರ ಬೀಳುತ್ತೆ.

ಟೈರಿನ ಅಳತೆ ಪಕ್ಕದಲ್ಲೇ ಒಂದು ಅಂಕಿ, ಒಂದು ಅಕ್ಷರ ಇರುತ್ತೆ. 85 ಅಂದ್ರೆ ಒಂದು ಟೈರು 515 ಕೆ.ಜಿ. ಹೊರುತ್ತೆ, 88 ಅಂದ್ರೆ 560. ‘ಟಿ’ ಅಂದ್ರೆ ಗಂಟೆಗೆ 190 ಕಿ.ಮೀ. ತಡೆಯುತ್ತೆ. ಗಾಡಿ ಜೊತೆ ಬಂದ ಟೈರಿಗಿಂತ ಇವೆರಡೂ ಕಡಿಮೆ ಆಗಬಾರದು. ಕೊನೇಲಿ ನಾಲ್ಕಂಕಿ ಹುಡುಕಿ: 2324 ಅಂತಿದ್ರೆ 2024ರ ಇಪ್ಪತ್ಮೂರನೇ ವಾರದಲ್ಲಿ ತಯಾರಾದದ್ದು. ಹಳೇ ಸ್ಟಾಕು ಬೇಡ ಅಂತ ಖಂಡಿತವಾಗಿ ಹೇಳಿ.

ನನ್ನನ್ನ ಕೇಳಿದ್ರೆ ಹದಿನೈದರ ಅಲಾಯ್, 185/65 ಟೈರು. ಹುಡುಗನಿಗೆ ಅಂದವೂ ಆಯ್ತು, ಗುಂಡಿಗೆ ಬೇಕಾದ ರಬ್ಬರೂ ಉಳೀತು. ಹದಿನೇಳಕ್ಕೆ ಸುರಿಯೋ ದುಡ್ಡಿನಲ್ಲಿ ಉಳಿದದ್ದನ್ನ ಒಳ್ಳೇ ಟೈರಿಗೆ ಹಾಕಿ. ಮಳೇಲಿ ಬ್ರೇಕ್ ಒತ್ತಿದಾಗ ಗಾಡಿ ನಿಲ್ಲಿಸೋದು ಟೈರು, ಅಲಾಯ್ ಅಲ್ಲ. ಹಳೇ ಹದಿನಾಲ್ಕರಲ್ಲಿ ಚೆನ್ನಾಗಿರೋ ಒಂದನ್ನ ಸ್ಟೆಪ್ನಿಗೆ ಇಟ್ಕೊಳ್ಳಿ. ಎತ್ತರ ಒಂದೇ ಆದ್ದರಿಂದ ನಿಧಾನವಾಗಿ ಪಂಕ್ಚರ್ ಅಂಗಡಿ ತನಕ ಹೋಗಬಹುದು. ಅಲಾಯ್ ನಟ್ಟು ಬೇರೆ ಥರದ್ದಾದ್ರೆ ಹಳೇ ನಟ್ಟುಗಳನ್ನೂ ಡಿಕ್ಕೀಲಿ ಹಾಕಿಡಿ. ಇನ್ಶೂರೆನ್ಸ್‌ನವರಿಗೂ ಒಂದು ಮಾತು ಬರೆದು ತಿಳಿಸಿಬಿಡಿ.

ಭಾನುವಾರ ಹುಡುಗನನ್ನೂ ಕರ್ಕೊಂಡು ಹೋಗಿ, ಲೆಕ್ಕ ಅವನೇ ಮಾಡಲಿ. ಅಂಗಡಿಯವರು ಬೇರೆ ಯಾವ ಅಳತೆ ಹೇಳಿದ್ರೂ ಒಟ್ಟು ಎತ್ತರ ಎಷ್ಟು, ಸೈಡ್‌ವಾಲ್ ಎಷ್ಟು, ಎರಡೇ ಪ್ರಶ್ನೆ ಕೇಳಿ. ಉತ್ತರ ಬರ್ಲಿಲ್ಲ ಅಂದ್ರೆ ಪಕ್ಕದ ಅಂಗಡಿಗೆ ನಡೀರಿ.