ಮಾವನಿಗೆ ಫೈನಲ್ 2: ಕನ್ಯಾನ ಪ್ರತಿಯ ಸಂಪಾದನೆ ಮತ್ತು ಸಮೀಕ್ಷೆ

ಕನ್ನಡದ ಮೊದಲ ಮಿಕ್ಸ್‌ಟೇಪು ಹದಿಮೂರನೆಯ ಶತಮಾನದ್ದು. ಹೊಯ್ಸಳ ದೊರೆ ಸೋಮೇಶ್ವರನ ವಿನೋದಕ್ಕೆಂದು ಮಲ್ಲಿಕಾರ್ಜುನನೆಂಬ ವಿದ್ವಾಂಸ ಹಿಂದಿನ ಕವಿಗಳಿಂದ ತನಗೆ ಹಿಡಿಸಿದ ಪದ್ಯಗಳನ್ನು ಹೆಕ್ಕಿ, ಸಮುದ್ರ, ಪರ್ವತ, ಚಂದ್ರೋದಯ ಎಂದು ವರ್ಣನೆಗಳ ಪ್ರಕಾರ ಜೋಡಿಸಿ, ‘ಸೂಕ್ತಿಸುಧಾರ್ಣವ’ ಎಂದು ಹೆಸರಿಟ್ಟು ಒಪ್ಪಿಸಿದ. ಈತನ ಭಾವಮೈದುನ ಜನ್ನ, ಮಗ ಕೇಶಿರಾಜ. ಮನೆಯಲ್ಲಿ ಒಂದು ಕಡೆ ಮಹಾಕವಿ, ಇನ್ನೊಂದು ಕಡೆ ವೈಯಾಕರಣ ಕೂತಿರುವಾಗ ನಡುವಿನವನಿಗೆ ಉಳಿಯುವ ಕೆಲಸ ಬೇರೆಯವರ ಪದ್ಯ ಹೆಕ್ಕುವುದೊಂದೇ. ಯಾವ ಪದ್ಯ ಯಾರದ್ದೆಂದು ಬರೆದಿಡುವ ಗೋಜಿಗೆ ಆತ ಹೋಗಲಿಲ್ಲವಾಗಿ ವಿದ್ವಾಂಸರಿಗೆ ಕೈತುಂಬ ಕೆಲಸವಾಯಿತು. ‘ಅನ್‌ನೋನ್ ಆರ್ಟಿಸ್ಟ್, ಟ್ರ್ಯಾಕ್ 07’ ಎಂಬ ಸಂಪ್ರದಾಯದ ಮೂಲವೂ ಅಲ್ಲಿಯೇ ಎಂದು ಪ್ರಸ್ತುತ ಲೇಖಕನ ದೃಢ ಅಭಿಪ್ರಾಯ.

ಎರಡನೆಯ ಘಟ್ಟ ಶೂನ್ಯಸಂಪಾದನೆ. ವಚನಗಳು ಶರಣರವು, ಸಾಲು ಮಾತ್ರ ಸಂಪಾದಕರದ್ದು. ಬಿಡಿಬಿಡಿಯಾಗಿದ್ದ ವಚನಗಳನ್ನು ಅಲ್ಲಮನ ಸುತ್ತ ಸಾಲುಹಿಡಿಸಿದ್ದೇ ತಡ, ಅವು ಒಂದಕ್ಕೊಂದು ಉತ್ತರ ಕೊಡತೊಡಗಿದವು, ವಾದಕ್ಕಿಳಿದವು. ಮೊದಲು ಮಾಡಿದವರು ಶಿವಗಣಪ್ರಸಾದಿ ಮಹಾದೇವಯ್ಯ. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ತಮ್ಮ ತಮ್ಮ ರೀತಿಯಲ್ಲಿ ಪರಿಷ್ಕರಿಸಿದರು. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಫೈನಲ್, ಫೈನಲ್ 2, ಫೈನಲ್ 3, ಫೈನಲ್ ಲಾಸ್ಟ್.

ಇಲ್ಲಿ ಸಂಪಾದನೆಗೆ ಎತ್ತಿಕೊಂಡ ಕೃತಿಯ ಹೆಸರು ‘ಮಾವನಿಗೆ ಫೈನಲ್ 2’. ‘ಮಾವನಿಗೆ ಫೈನಲ್’ ಎಂಬ ಮೂಲಪಾಠ ಎಲ್ಲಿ ಹೋಯಿತೆಂದು ಸಂಕಲನಕರ್ತ್ರಿಯನ್ನು ವಿಚಾರಿಸಲಾಗಿ ‘ಡಿಲೀಟ್ ಆಯ್ತು ಮಾವ’ ಎಂಬಷ್ಟೇ ಉತ್ತರ ದೊರೆಯಿತು. ಲುಪ್ತಕೃತಿಗಳ ಪಟ್ಟಿಯಲ್ಲಿ ಗುಣಾಢ್ಯನ ಬೃಹತ್ಕಥೆಯ ಪಕ್ಕದಲ್ಲಿ ಇದನ್ನೂ ಬರೆದುಕೊಳ್ಳತಕ್ಕದ್ದು.

ಪ್ರತಿಗಳ ಪರಿಚಯ

ಪ್ರತಿ ‘ಕ’: ಕನ್ಯಾನ ಪ್ರತಿ. ಕಪ್ಪು ಪೆನ್‌ಡ್ರೈವ್, 16 ಜಿಬಿ. ಮುಚ್ಚಳ ಇಲ್ಲ. ಒಂದು ಬದಿಯಲ್ಲಿ ನೇರಳೆ ಬಣ್ಣದ ನೇಲ್‌ಪಾಲಿಶಿನ ಬೊಟ್ಟು. ಹಾಸ್ಟೆಲಿನಲ್ಲಿ ಬೇರೆಯವರದ್ದರ ಜೊತೆ ಅದಲುಬದಲು ಆಗದಿರಲೆಂದು ಹಾಕಿದ್ದು. ಸಂಕಲನಕರ್ತ್ರಿ ಲೇಖಕನ ತಂಗಿಯ ಮಗಳು, ಮೂಡುಬಿದಿರೆಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿನಿ. ಗ್ರಂಥಾರಂಭದಲ್ಲಿ ಮಂಗಳಶ್ಲೋಕ ಇಲ್ಲ. ಬದಲಿಗೆ ಹಸ್ತಾಂತರದ ಹೊತ್ತಿನಲ್ಲಿ ಚಾವಡಿಯ ಮೆಟ್ಟಿಲಲ್ಲಿ ನಿಂತು ಕೊಟ್ಟ ಮೌಖಿಕ ಸೂಚನೆಯಿದೆ: ‘ಇದೆಲ್ಲ ನಂಗೆ ಈಗೀಗ ಇಷ್ಟ ಆದದ್ದು. ಇದ್ದ ಹಾಗೇ ಕೇಳಿ ಮಾವ, ಶಫಲ್ ಮಾಡ್ಬೇಡಿ.’ ಶೂನ್ಯಸಂಪಾದನಕಾರರು ಹೇಳದೆ ಬಿಟ್ಟದ್ದನ್ನು ಈಕೆ ಬಾಯಿಬಿಟ್ಟು ಹೇಳಿದ್ದಾಳೆ.

ಪ್ರತಿ ‘ಖ’: ಬಾಯಾರು ಪ್ರತಿ. ಆಕೆಯ ದೊಡ್ಡಪ್ಪನ ಮಗನ ಮೊಬೈಲಿನಲ್ಲಿ ದೊರೆತದ್ದು. 1956ರ ನವೆಂಬರ್ 1ರಂದು ಗಡಿ ಎಳೆದಾಗ ಕನ್ಯಾನ ಈಚೆ ಉಳಿಯಿತು, ಬಾಯಾರು ಕೇರಳಕ್ಕೆ ಹೋಯಿತು. ಒಂದೇ ಬಳಗ ಎರಡು ರಾಜ್ಯಕ್ಕೆ ಹಂಚಿಹೋದ ಮೇಲೆ ಪಾಠಾಂತರ ಹುಟ್ಟದೆ ಇರುತ್ತದೆಯೇ? ‘ಖ’ ಪ್ರತಿಯಲ್ಲಿ ತಿರುವನಂತಪುರದ ಅವಿಯಲ್ ತಂಡದ ಮಲಯಾಳಂ ರಾಕ್ ಇದೆ. ಇದು ಸಹಜ, ಪ್ರಾದೇಶಿಕ ಪ್ರಕ್ಷೇಪ ಎಂದು ಬಿಡಬಹುದು. ಆದರೆ ಇನ್ನೆರಡು ಕೃತಿಗಳು ‘ಖ’ದಲ್ಲಿ ಇದ್ದು ‘ಕ’ದಲ್ಲಿ ಇಲ್ಲ. ಪ್ರಬಂಧದ ಜೀವಾಳ ಇರುವುದು ಆ ಎರಡರಲ್ಲಿ.

ಒಂದು, ಇಂಗ್ಲೆಂಡಿನ ನೇಪಾಮ್ ಡೆತ್ ತಂಡದ ‘ಯು ಸಫರ್’. 1987ರ ‘ಸ್ಕಮ್’ ಆಲ್ಬಮ್ಮಿನದ್ದು. ಪಂಕ್ ರಾಕಿನ ಉಗ್ರ ಕವಲಾದ ಹಾರ್ಡ್‌ಕೋರ್ ಕೂಡ ಅಲ್ಲ, ಅದರ ಇನ್ನೂ ಉಗ್ರವಾದ ಮರಿ. ಅವಧಿ 1.316 ಸೆಕೆಂಡು, ಜಗತ್ತಿನ ಅತಿ ಚಿಕ್ಕ ಹಾಡೆಂದು ಗಿನ್ನೆಸ್ಸಿನವರು ದಾಖಲಿಸಿದ್ದಾರೆ. ಕಂದಕ್ಕೆ 64 ಮಾತ್ರೆ, ಭಾಮಿನಿ ಷಟ್ಪದಿಗೆ 102. ಇದಕ್ಕೆಷ್ಟು ಎಂದು ಪ್ರಸ್ತಾರ ಹಾಕಹೊರಟರೆ ಪೆನ್ನಿನ ಕ್ಯಾಪು ತೆಗೆಯುವಷ್ಟರಲ್ಲಿ ಪದ್ಯ ಮುಗಿದಿರುತ್ತದೆ. ಇನ್ನೊಂದು, ಅಮೆರಿಕದ ಕೆಂಟಕಿಯ ನಾಕ್ಡ್ ಲೂಸ್ ತಂಡದ ‘ಕೌಂಟಿಂಗ್ ವರ್ಮ್ಸ್’. ಇದರಲ್ಲಿ ಗಾಯಕ ಒಂದು ಕಡೆ ಸ್ಪಷ್ಟವಾಗಿ ನಾಯಿಯಂತೆ ಬೊಗಳುತ್ತಾನೆ, ಕೂಡಲೇ ಗಿಟಾರುಗಳು ಮೇಲಿಂದ ಬೀಳುತ್ತವೆ. ಇದು ನಿಂದೆಯಲ್ಲ, ವರ್ಣನೆ.

ಈ ಎರಡು ಕನ್ಯಾನ ಪ್ರತಿಯಲ್ಲಿ ಯಾಕಿಲ್ಲ? ಲಿಪಿಕಾರದೋಷ ಎನ್ನುವಂತಿಲ್ಲ, ಕಾಪಿ ಮಾಡಿದ್ದು ಕಂಪ್ಯೂಟರು. ಸ್ಥಳಾಭಾವ ಎನ್ನುವಂತಿಲ್ಲ, 16 ಜಿಬಿಯಲ್ಲಿ ಒಂದೂಕಾಲು ಸೆಕೆಂಡಿಗೆ ಜಾಗ ಇಲ್ಲವೆಂದರೆ ಯಾರು ನಂಬುತ್ತಾರೆ? ಉಳಿಯುವ ಊಹೆ ಒಂದೇ: ಮಾವನಿಗೆ ಇದು ತಡೆಯಲಿಕ್ಕಿಲ್ಲ ಎಂದು ಆಕೆ ತೀರ್ಮಾನಿಸಿದ್ದಾಳೆ. ಎಂದ ಮೇಲೆ ಮಿಕ್ಸ್‌ಟೇಪಿನಲ್ಲಿ ಹಾಕಿದ ಹಾಡುಗಳು ಮಾಡಿದವರು ಯಾರೆಂದು ಹೇಳಿದರೆ, ಬಿಟ್ಟ ಹಾಡುಗಳು, ಮಾಡಿದವರು ಕೇಳುವವರನ್ನು ಎಂಥವರೆಂದು ತಿಳಿದಿದ್ದಾರೆ ಎಂಬುದನ್ನು ಹೇಳುತ್ತವೆ. ಸೋಮೇಶ್ವರನಿಗೆ ಹಿಡಿಸಲಿಕ್ಕಿಲ್ಲವೆಂದು ಮಲ್ಲಿಕಾರ್ಜುನ ಏನೇನು ಬಿಟ್ಟನೋ, ಆ ಪಟ್ಟಿ ಸಿಕ್ಕಿದ್ದರೆ ಹೊಯ್ಸಳರ ಚರಿತ್ರೆಯನ್ನೇ ಬೇರೆ ಬರೆಯಬಹುದಿತ್ತು.

ಕ್ರಮವಿಚಾರ

‘ಕ’ ಪ್ರತಿಯ ಆರಂಭ ಬಾಲ್ಟಿಮೋರಿನ ಟರ್ನ್‌ಸ್ಟೈಲ್ ತಂಡದಿಂದ, 2021ರ ‘ಗ್ಲೋ ಆನ್’ ಆಲ್ಬಮ್ಮಿನಿಂದ. ಹಾರ್ಡ್‌ಕೋರಿನವರೇ ಆದರೂ ಹಾಡಿನಲ್ಲಿ ರಾಗ ಎಂಬ ವಸ್ತು ಉಂಟು, ಸಂಜೆ ಕಾಫಿ ಕುಡಿಯುವವರೂ ಕೇಳಬಹುದು. ಸ್ವಲ್ಪದರಲ್ಲೇ ದೆಹಲಿಯ ಬ್ಲಡಿವುಡ್ ತಂಡ ಬರುತ್ತದೆ, 2022ರ ‘ರಕ್ಷಕ್’ನಿಂದ. ಮೆಟಲ್ ಗಿಟಾರಿನ ನಡುವೆ ಢೋಲು, ಕೊಳಲು. ‘ನಮ್ಮ ವಾದ್ಯವೂ ಉಂಟು ನೋಡಿ’ ಎಂದು ಮಾವನನ್ನು ಪುಸಲಾಯಿಸಲು ಇಟ್ಟದ್ದೆಂಬುದು ಮೇಲ್ನೋಟಕ್ಕೇ ತಿಳಿಯುತ್ತದೆ. ಈ ಜಾಗದಲ್ಲಿ ಸಂಕಲನ ಸ್ವಲ್ಪ ತೆಳು. ಓಲೈಕೆ ಕಂಡರೆ ಕೇಳುಗನಿಗೆ ಸಿಟ್ಟು ಬರುತ್ತದೆ.

ನಡುಭಾಗ ಮಾತ್ರ ಪ್ರೌಢ. ವಾಷಿಂಗ್ಟನ್ನಿನ ಮೈನರ್ ಥ್ರೆಟ್ ತಂಡದ ‘ಸ್ಟ್ರೇಟ್ ಎಡ್ಜ್’, 1981ರದ್ದು, ಒಂದು ನಿಮಿಷವೂ ಇಲ್ಲ. ಕುಡಿತ ಬೇಡ, ಅಮಲು ಬೇಡ ಎಂಬ ಪಂಥವೊಂದು ಈ ಹಾಡಿನ ಹೆಸರಿನಿಂದಲೇ ಹುಟ್ಟಿತು. ಅಲ್ಲಿನ ಕ್ಲಬ್ಬುಗಳಲ್ಲಿ ಪ್ರಾಯ ತುಂಬದ ಹುಡುಗರಿಗೆ ಮದ್ಯ ಕೊಡಬಾರದೆಂದು ಅಂಗೈಯ ಹಿಂಬದಿಗೆ ಕಪ್ಪು ‘ಎಕ್ಸ್’ ಗುರುತು ಹಾಕುತ್ತಿದ್ದರಂತೆ. ಪಂಥದವರು ಅದನ್ನೇ ಲಾಂಛನ ಮಾಡಿಕೊಂಡರು. ಸಂಕಲನಕರ್ತ್ರಿ ಮಾರ್ಕರಿನಲ್ಲಿ ಅದನ್ನು ಬರೆದುಕೊಂಡು ಮನೆಗೆ ಬಂದಾಗ ಆಕೆಯ ತಾಯಿ ಹಚ್ಚೆಯೆಂದು ಗ್ರಹಿಸಿ ತೆಂಗಿನ ನಾರು ಹಿಡಿದು ಉಜ್ಜಲು ಹೊರಟದ್ದು ಪ್ರತ್ಯಕ್ಷಪ್ರಮಾಣ. ಮದ್ಯನಿಷೇಧದ ಪದ್ಯ ಇದೆಂದು ಎಷ್ಟು ಹೇಳಿದರೂ ‘ಹಾಗಾದ್ರೆ ಅಷ್ಟು ಬೊಬ್ಬೆ ಯಾಕೆ?’ ಎಂಬ ಪ್ರಶ್ನೆಗೆ ಉತ್ತರ ಇರಲಿಲ್ಲ.

ಅದರ ಬೆನ್ನಿಗೇ, ಒಂದು ಉಸಿರಿನ ಬಿಡುವೂ ಕೊಡದೆ, ರಘು ದೀಕ್ಷಿತ್ ತಂಡ ರಾಕಿಗೆ ಅಳವಡಿಸಿದ ಶಿಶುನಾಳ ಶರೀಫರ ಗುಡುಗುಡಿಯ ಪದ. ಒಬ್ಬ ಅಮಲೇ ಬೇಡವೆಂದು ಕಿರುಚಿ ಮುಗಿಸುವುದಕ್ಕೂ ಶರೀಫರು ಗುಡುಗುಡಿ ಮುಂದಿಟ್ಟುಕೊಂಡು ಕೂರುವುದಕ್ಕೂ ಸರಿಹೋಯಿತು. ಶರೀಫರದ್ದು ಹೊಗೆಯ ಗುಡುಗುಡಿಯಲ್ಲ, ಒಳಗಿನದ್ದು ಎಂದು ಬಲ್ಲವರು ಹೇಳುತ್ತಾರೆ. ಆ ಪಂಥದವರು ಹೇಳುವುದೂ ಸುಮಾರು ಅದನ್ನೇ. ಇಬ್ಬರನ್ನೂ ಎದುರುಬದುರು ಕೂರಿಸಿದ ಈ ಜಾಣ್ಮೆ ಗೂಳೂರು ಸಿದ್ಧವೀರಣ್ಣನವರಿಗೂ ಮೆಚ್ಚುಗೆಯಾಗುತ್ತಿತ್ತು.

ಕೊನೆಗೆ ಬ್ಯಾಡ್ ಬ್ರೇನ್ಸ್, ವಾಷಿಂಗ್ಟನ್ನಿನ ಕಪ್ಪು ಸಂಗೀತಗಾರರು. 1982ರ ಅವರ ಮೊದಲ ಆಲ್ಬಮ್ ಬಂದದ್ದೇ ಕ್ಯಾಸೆಟ್ಟಾಗಿ. ಹಳದಿ ಹೊದಿಕೆಯಲ್ಲಿ ಸಂಸತ್ ಭವನದ ಗುಮ್ಮಟಕ್ಕೆ ಸಿಡಿಲು ಬಡಿಯುವ ಚಿತ್ರ. ‘ಈಗೀಗ ಇಷ್ಟ ಆದದ್ದು’ ಎಂಬ ಶೀರ್ಷಿಕೆಯಡಿ ನಲುವತ್ತು ವರ್ಷ ಹಿಂದಿನದ್ದು ಹೇಗೆ ಬಂತೆಂದು ಕೇಳಬಾರದು. ಆಕೆಗೆ ಸಿಕ್ಕಿದ್ದು ಈಗ.

ಪೂರ್ವಪಕ್ಷ

ಇದು ಸಂಗೀತವೇ ಅಲ್ಲ, ಬೊಬ್ಬೆ ಎಂಬುದು ಪೂರ್ವಪಕ್ಷ. ಪೂರ್ವಪಕ್ಷವನ್ನು ಹಿಡಿದವಳು ಮೇಲೆ ಹೇಳಿದ ತಾಯಿ, ಅಂದರೆ ಲೇಖಕನ ತಂಗಿ. ‘ಬೊಬ್ಬೆ ಹೊಡೀಲಿಕ್ಕೆ ದುಡ್ಡು ಕೊಡುವವರು ಉಂಟಾ ಅಣ್ಣ? ನಮ್ಮ ತೋಟಕ್ಕೆ ಬರಲಿ, ಮಂಗ ಓಡಿಸ್ಲಿ.’ ಅಂಗಳದಲ್ಲಿ ಸಣ್ಣ ಸ್ಪೀಕರಿಗೆ ಹಾಕಿ ಕೇಳಿದ ದಿನ ಆಚೆಮನೆಯವರು ಫೋನು ಮಾಡಿ ‘ಎಂತ ಮಾರಾಯ್ರೆ, ಅಡಕೆ ಸುಲಿಯುವ ಮೆಷಿನಿಗೆ ಎಂತಾಯ್ತು?’ ಎಂದು ಕಾಳಜಿಯಿಂದ ವಿಚಾರಿಸಿದ್ದು ಕೂಡ ಪೂರ್ವಪಕ್ಷಕ್ಕೇ ಸಲ್ಲುತ್ತದೆ. ಬಾಯಾರು ಪ್ರತಿಯಿಂದ ತರಿಸಿಕೊಂಡ ಬೊಗಳುವ ಹಾಡಿಗೆ ಮನೆಯ ನಾಯಿ ಎದ್ದು ನಿಂತು, ಗೇಟಿನವರೆಗೆ ಹೋಗಿ, ಯಾರೂ ಇಲ್ಲದ್ದನ್ನು ಕಂಡು, ಲೇಖಕನ ಮುಖ ನೋಡಿ ವಾಪಸು ಮಲಗಿತು. ಅದು ಯಾವ ಪಕ್ಷವೆಂದು ನಿರ್ಣಯಿಸಲಾಗಿಲ್ಲ.

ಸಿದ್ಧಾಂತ ಹೀಗಿದೆ. ಈ ಕಿವಿ ಕನ್ಯಾನಕ್ಕೆ ಹೊಸತಲ್ಲ. ಗಿಟಾರಿನ ಆ ಕರಕರ ಬರುವುದು ಆಂಪ್ಲಿಫೈಯರಿಗೆ ತಡೆಯುವುದಕ್ಕಿಂತ ಹೆಚ್ಚು ಸದ್ದು ನುಗ್ಗಿಸಿ ಅಲೆಯ ತುದಿಗಳನ್ನು ಚಪ್ಪಟೆ ಕತ್ತರಿಸುವುದರಿಂದ. ಜಾತ್ರೆಯ ಕೊಳವೆ ಮೈಕಿನ ಅಡಿಯಲ್ಲಿ ಬೆಳೆದವರಿಗೆ ಇದನ್ನು ಕಲಿಸಬೇಕಾಗಿಲ್ಲ. ಆರ್ಭಟದ ಕಂಠಕ್ಕಾದರೆ ಯಕ್ಷಗಾನದ ಬಣ್ಣದ ವೇಷ ಉಂಟು. ಮುಖಕ್ಕೆ ಗಂಟೆಗಟ್ಟಲೆ ಚುಟ್ಟಿ ಇಟ್ಟು, ತೆರೆಯ ಹಿಂದಿನಿಂದ ಹೊಟ್ಟೆಯಾಳದ ಅಟ್ಟಹಾಸ ಬಿಡುವ ಬಣ್ಣದ ಮಾಲಿಂಗನವರ ಪರಂಪರೆಯ ಮುಂದೆ ಕೆಂಟಕಿಯ ಹುಡುಗರು ಹರಿದ ಬನಿಯನ್ನಿನಲ್ಲಿ ಬಂದು ನಿಂತದ್ದು ಸ್ವಲ್ಪ ಕಡಿಮೆಯೇ ಆಯಿತು. ಹಾರ್ಡ್‌ಕೋರಿನ ಸಭೆಯಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ನುಗ್ಗಾಡುತ್ತಾರೆಂದು ಗಾಬರಿಪಡುವವರು ದೇವಿಮಹಾತ್ಮೆ ನೋಡಿದವರಲ್ಲ. ಮಹಿಷಾಸುರ ಬರುವುದು ರಂಗಸ್ಥಳದ ಕಡೆಯಿಂದಲ್ಲ, ಸಭೆಯ ಹಿಂದಿನಿಂದ. ದೊಂದಿ, ರಾಳದ ಬೆಂಕಿ, ಗರ್ನಾಲು. ಕುರ್ಚಿಗಳು ಬೀಳುತ್ತವೆ, ಮಕ್ಕಳು ಅಳುತ್ತಾರೆ, ಅಜ್ಜಂದಿರು ಎದ್ದು ದಾರಿ ಬಿಡುತ್ತಾರೆ, ಚೆಂಡೆ ನಿಲ್ಲುವುದಿಲ್ಲ.

ಹಾಡುಗಳು ತೀರ ಚಿಕ್ಕವೆಂಬ ಅವಧಿಯ ಆಕ್ಷೇಪವೂ ನಿಲ್ಲದು. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಧ್ವನಿವರ್ಧಕಕ್ಕೆ ಕಡಿವಾಣ ಹಾಕುವ ನಿಯಮ ಬಂದದ್ದು 2000ದಲ್ಲಿ. ಅದು ಬಿಗಿಯಾಗುತ್ತಾ ಬಂದಂತೆ ಬೆಳಗಿನವರೆಗಿನ ಆಟಗಳು ಒಂದೊಂದಾಗಿ ಕಾಲಮಿತಿಗೆ ಬಂದವು, ಹಿರಿಯರು ನೊಂದುಕೊಂಡರು. ವಾಷಿಂಗ್ಟನ್ನಿನವರು ಯಾವ ನಿಯಮವೂ ಇಲ್ಲದೆ ತಾವಾಗಿಯೇ ಕಾಲಮಿತಿ ಸ್ವೀಕರಿಸಿದ್ದರು. ಪೀಠಿಕೆ ಇಲ್ಲ, ಒಡ್ಡೋಲಗ ಇಲ್ಲ, ನೇರ ಯುದ್ಧ, ಏರುಪದ್ಯ, ಮಂಗಳ.

ಉತ್ತರಸಂಕಲನ

ಸಂಶೋಧಕನ ಮಾನದ ಪ್ರಶ್ನೆ ಇದ್ದುದರಿಂದ ಪ್ರತಿಸಂಕಲನವೊಂದು ಅಗತ್ಯವಾಯಿತು. ಕನ್ಯಾನ, ವಿಟ್ಲ, ಬಾಯಾರು ಪರಿಸರದ ಪ್ರಾಚೀನ ಸಾಮಗ್ರಿಯೆಲ್ಲ ಕ್ಯಾಸೆಟ್ಟಿನಲ್ಲಿದೆ. ಗಲ್ಫಿನಿಂದ ಬಂದ ಟೂ-ಇನ್-ಒನ್ನನ್ನು ಟವೆಲಿನಲ್ಲಿ ಸುತ್ತಿ ಒಯ್ದು, ರಂಗಸ್ಥಳದ ಬದಿಗೆ ಇಟ್ಟು, ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದದ್ದು. ಸಿ-90 ಎಂದರೆ ಬದಿಗೆ 45 ನಿಮಿಷ. ಭಾಗವತರಿಗೆ ಅದು ತಿಳಿಯದು. ಅವರು ಪದ್ಯವನ್ನು ಎತ್ತಿ, ಇನ್ನೂ ಎತ್ತಿ, ಮೇಲಿನ ಷಡ್ಜದಲ್ಲಿ ನಿಲ್ಲಿಸುವ ಹೊತ್ತಿಗೆ ಸರಿಯಾಗಿ ಟಕ್ಕೆಂದು ಗುಂಡಿ ಮೇಲೆ ಹಾರುತ್ತಿತ್ತು. ಮಗುಚಿ ಹಾಕುವಷ್ಟರಲ್ಲಿ ವೈರಿ ಸತ್ತಿರುತ್ತಿದ್ದ.

ಮರದ ಪೆಟ್ಟಿಗೆಯ ಆ ಕ್ಯಾಸೆಟ್ಟುಗಳಿಂದ ಏರುಪದ್ಯಗಳನ್ನೇ ಹೆಕ್ಕಿ ‘ಸೊಸೆಗೆ ಫೈನಲ್’ ಎಂದು ಕಳುಹಿಸಲಾಯಿತು. ಪಡ್ರೆಯಲ್ಲಿ ಹುಟ್ಟಿ ಮೂಡುಬಿದಿರೆಯ ಬಳಿ ನೆಲಸಿದ್ದ ಬಲಿಪ ನಾರಾಯಣ ಭಾಗವತರ (1938–2023) ಒಂದು ಪದ್ಯ ನಾಲ್ಕನೆಯದು. ಮೈಕಿನ ಹಂಗಿಲ್ಲದ ಆ ಕಂಠಕ್ಕೆ ಡಿಸ್ಟಾರ್ಶನ್ನು ಟೇಪ್ ರೆಕಾರ್ಡರಿನಿಂದಲೇ ದೊರೆತಿದೆ. ಕರುಣರಸದ್ದು ಒಂದನ್ನೂ ಸೇರಿಸಲಿಲ್ಲ. ಹಾಸ್ಟೆಲಿನಿಂದ ವಿಮರ್ಶೆ ಬಂತು: ‘ಮಾವ, ಎಲ್ಲ ಜಗಳದ್ದೇ ಹಾಕಿದ್ದೀರಲ್ಲ. ನಾನು ಅಳುವ ಪದ್ಯ ಕೇಳೂದಿಲ್ಲ ಅಂತ ಗ್ರೇಶಿದ್ದಾ?’ ಬಿಟ್ಟದ್ದರ ಕುರಿತಾದ ಮೇಲಿನ ಪ್ರಮೇಯಕ್ಕೆ ಸ್ವತಂತ್ರ ಮೂಲದಿಂದ ಪುಷ್ಟಿ ದೊರೆತಂತಾಯಿತು. ಪತ್ರದ ಎರಡನೆಯ ಸಾಲು: ‘ನಾಲ್ಕನೇದ್ದು ಅರ್ಧಕ್ಕೆ ಕಟ್ ಆಗ್ತದೆ. ಬಾಕಿ ಕೊಡಿ.’

ಬಾಕಿಗಾಗಿ ಬಿ ಬದಿಯನ್ನು ಪರಿಶೀಲಿಸಲಾಯಿತು. ತಾಳೆಗರಿಯನ್ನು ಕೆರೆದು ಮೇಲೆ ಬೇರೆ ಬರೆದಂತೆ, ಅಲ್ಲಿ ಭಾಗವತರ ಮೇಲೆ ಯಾರೋ ಮತ್ತೊಮ್ಮೆ ರೆಕಾರ್ಡು ಮಾಡಿದ್ದಾರೆ. ಮೊದಲು ಮೈಕನ್ನು ಟಪಟಪ ಬಡಿದ ಸದ್ದು. ಆಮೇಲೆ ‘ಹಲೋ ಹಲೋ’. ಆಮೇಲೆ, ಕ್ಯಾಸೆಟ್ಟು ಹಾಳು ಮಾಡಬೇಡ ಎಂದು ಅಜ್ಜಿ ಗದರುವುದು ದೂರದಲ್ಲಿ ಕೇಳುತ್ತಿರುವಂತೆಯೇ, ಏಳೆಂಟು ವರ್ಷದ ಹುಡುಗಿಯೊಬ್ಬಳು ಯಾವ ರಾಗಕ್ಕೂ ತಾಳಕ್ಕೂ ಸಿಗದೆ ಗಂಟಲು ಹರಿಯುವಂತೆ ಹೊಡೆದ ಬೊಬ್ಬೆ. ಮೈನರ್ ಥ್ರೆಟ್ಟಿನದ್ದಕ್ಕಿಂತ ತುಸು ಚಿಕ್ಕದು. ಕಂಠವನ್ನು ಗುರುತಿಸುವುದು ಕಷ್ಟವಾಗಲಿಲ್ಲ, ಪೂರ್ವಪಕ್ಷದವಳದ್ದೇ.

ಕೃತಿಯನ್ನು ಯಥಾಪ್ರತಿ ಸಂಕಲನಕರ್ತ್ರಿಗೆ ರವಾನಿಸಲಾಯಿತು. ಆಕೆ ಅದನ್ನು ಮೂರು ಸಲ ಕೇಳಿ ಬರೆದದ್ದು: ‘ಫೈನಲ್ 3ರಲ್ಲಿ ಬ್ಯಾಡ್ ಬ್ರೇನ್ಸ್ ಆದ ಮೇಲೆ ಇದನ್ನೇ ಹಾಕುವ ಮಾವ. ಅಮ್ಮನಿಗೆ ಹೇಳ್ಬೇಡಿ.’