ಕಣ್ಣಿಗೆ ನೀರು ಬಿಡಿಸಿಕೊಳ್ಳುವ ಕ್ರಮ

ಪೊರೆ ಆಪರೇಷನ್ನಿಗೆಂದು ಸೊರಬದಿಂದ ಶಿವಮೊಗ್ಗಕ್ಕೆ ಹೊರಟ ಹಿರಿಯರಿಗೂ ಅವರ ಚೀಲ ಹಿಡಿದು ಬರುವವರಿಗೂ ಈ ಸೂಚನೆ.

ಮೊದಲು ಜಾಗದ ಪರಿಚಯ. ರೆಪ್ಪೆಗಳ ಒಳಮೂಲೆಯಲ್ಲಿ, ಮೂಗಿನ ಪಕ್ಕ, ಮೇಲೊಂದು ಕೆಳಗೊಂದು ಸಣ್ಣ ತೂತು. ಕಣ್ಣೀರು ಅಲ್ಲಿಂದ ಒಳಗಿನ ಪುಟ್ಟ ಚೀಲಕ್ಕೆ, ಚೀಲದಿಂದ ಮೂಗಿಗೆ ಇಳಿಯುತ್ತದೆ. ಅಡಿಕೆ ತೋಟದ ಬಸಿಗಾಲುವೆಯಂತೆ ಇದೂ ಕಟ್ಟಿಕೊಳ್ಳುತ್ತದೆ. ಚೀಲದಲ್ಲಿ ನಿಂತ ಕೀವು ಆಪರೇಷನ್ನಾದ ಕಣ್ಣಿಗೆ ನಂಜೇರಿಸಬಹುದು. ಅದಕ್ಕೇ ಮುಂಚೆ ಆ ತೂತಿನಿಂದ ನೀರು ಬಿಟ್ಟು ನೋಡುವುದು.

ಆಮೇಲೆ ಹನಿ. ಹೆಸರು ಪ್ರೊಪಾರಕೇನ್, ಶೇ. 0.5. ಬಿದ್ದ ಕೂಡಲೇ ಚುರ್ರೆನ್ನುತ್ತದೆ. ‘ನೋವಿಗೆ ಅಂತ ಹಾಕಿದ್ದೇ ಉರಿಯುತ್ತಲ್ರೋ ಮಾರಾಯ್ರೆ’ ಎಂಬ ದೂರನ್ನು ಈಗಲೇ ಸಲ್ಲಿಸಿ. ಅರ್ಧ ನಿಮಿಷದಲ್ಲಿ ಅದು ತಾನಾಗಿ ವಜಾ ಆಗುತ್ತದೆ. ಮುಂದೆ ಸುಮಾರು ಕಾಲು ಗಂಟೆ ಜೋಮು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನ್ ಹನಿಯಿಂದ ಕಣ್ಣು ಮರಗಟ್ಟಿಸಿ ತೋರಿಸುವ ತನಕ ರೋಗಿಯನ್ನು ಅದುಮಿ ಹಿಡಿಯಲು ಗಟ್ಟಿ ಆಳು ಬೇಕಿತ್ತು. ಈಗ ಮೊಮ್ಮಗಳು ಸಾಕು.

ಒಂದು ಷರತ್ತು: ಹನಿ ಮುಟ್ಟಿದಷ್ಟೇ ಮರಗಟ್ಟುವುದು. ಒಳಗಿನ ಕೊಳವೆಗೆ ಅದರ ಪರಿವೆಯಿಲ್ಲ. ಹಾಗಾಗಿ ಮೊಂಡು ಮೊನೆಯ ಸೂಜಿ ಹೊಕ್ಕು ನೀರು ಒತ್ತಿದಾಗ ಮೂಗಿನ ಬುಡದಲ್ಲಿ ಬಿಗಿದಂತಾಗುತ್ತದೆ. ಹೇಳಿ, ಆದರೆ ತಲೆ ಅಲ್ಲಾಡಿಸದೆ ಹೇಳಿ. ಆ ಜಾಗ ಮೊದಲೇ ಕೆಂಪಗೆ ಊದಿ ನೋಯುತ್ತಿದ್ದರೆ ಕುರ್ಚಿ ಹತ್ತುವ ಮುಂಚೆಯೇ ಬಾಯಿಬಿಡಿ. ಅಂಥ ದಿನ ನೀರು ಬಿಡುವುದಿಲ್ಲ.

‘ಗಂಟಲಿಗೆ ಬಂತಾ ಅಜ್ಜಿ?’

ಇಲ್ಲಿ ಬಹಳ ಜನ ಎಡವುತ್ತಾರೆ. ಡಾಕ್ಟರು ಅಷ್ಟು ಅಕ್ಕರೆಯಿಂದ ಕೇಳುವಾಗ ಇಲ್ಲ ಅನ್ನುವುದು ಹೇಗೆಂದು ‘ಹೂಂ, ಬಂತು’ ಎಂದುಬಿಡುತ್ತಾರೆ. ದಯವಿಟ್ಟು ಈ ಮರ್ಯಾದೆಯನ್ನು ನೆಂಟರಿಗೆ ಮೀಸಲಿಡಿ. ಬಿಟ್ಟದ್ದು ಸಲೈನು, ದಾರಿ ತೆರೆದಿದ್ದರೆ ಗಂಟಲು ಉಪ್ಪುಪ್ಪಾಗುತ್ತದೆ, ನುಂಗಬೇಕೆನಿಸುತ್ತದೆ. ನೀರು ಇನ್ನೊಂದು ತೂತಿನಿಂದ ವಾಪಸ್ ಬಂದು ಕೆನ್ನೆಗಿಳಿದರೆ ನಿಮ್ಮ ಸಾಕ್ಷಿ ಯಾರಿಗೂ ಬೇಕಾಗಿಲ್ಲ. ಮೂಗಿಗೆ ಹೊಸ ದಾರಿ ಮಾಡುವ ಡಿಸಿಆರ್ ಆಪರೇಷನ್ನಿನ ಮಾತು ಶುರುವಾಗುತ್ತದೆ.

ಜೋಮು ಇಳಿಯುವ ತನಕ ಕಣ್ಣುಜ್ಜಬೇಡಿ, ಗೀರಿದರೂ ಗೊತ್ತಾಗದು.

ಕೊನೆಗೆ, ‘ಆ ಬಾಟ್ಲಿ ಮನೆಗೊಂದು ಬರ್ಕೊಡಿ, ಜೋಳ ಒಕ್ಕುವಾಗ ಕಣ್ಣುರೀತದೆ’ ಎಂಬ ಅರ್ಜಿ. ಪದೇ ಪದೇ ಹಾಕಿದರೆ ಈ ಹನಿ ಕಾರ್ನಿಯಾವನ್ನೇ ಹುಣ್ಣಾಗಿಸುತ್ತದೆ, ಅದೂ ನೋವಿಲ್ಲದ ಹಾಗೆ. ಅರ್ಜಿ ತಿರಸ್ಕೃತ, ಮರುಪರಿಶೀಲನೆಗೆ ಮೆಡಿಕಲ್ ಶಾಪಿಗೆ ಹೋಗತಕ್ಕದ್ದಲ್ಲ.