ದಾವೋಸ್ ಅಂದ್ರೆ ಏನು ನೆನಪಾಗುತ್ತೆ?

ಚಳಿಗಾಲದ ಶನಿವಾರ ಬೆಳಿಗ್ಗೆ ಡೆನ್ವರ್‌ನಿಂದ ಸ್ಕೀಯಿಂಗ್‌ಗೆ ಹೊರಟವರ ಪಾಡು ಕೇಳಬೇಡಿ. ಊರಿಗೆ ಊರೇ ಐ-70 ಹೆದ್ದಾರಿಗೆ ಇಳಿದಿರುತ್ತದೆ. ಹಾಡು ಮುಗಿದು, ಚಕ್ಕುಲಿ ಡಬ್ಬಿಯೂ ತಳ ಕಂಡ ಮೇಲೆ ನಮ್ಮನೆಯವರಿಗೆ ಹೊಳೆದದ್ದು ಈ ಆಟ.

ಒಬ್ಬರು ಒಂದು ಸ್ಕೀ ಊರಿನ ಹೆಸರು ಎಸೆಯಬೇಕು. ಕೇಳಿದ ಕೂಡಲೇ ಏನು ನೆನಪಾಯಿತೋ ಆ ಎಳೆ ಹಿಡಿದು ಪಕ್ಕದವರು ಇನ್ನೊಂದು ಸ್ಕೀ ಊರು ಹೇಳಬೇಕು. ಎಳೆ ಯಾವುದೆಂದು ಬಾಯಿಬಿಡಲೇಬೇಕು. ಗೂಗಲ್ ಮುಟ್ಟಿದವರು ಔಟ್.

ಮಗ "ವೇಲ್" ಅಂದ. ನಮ್ಮ ಯಜಮಾನರು ತಟ್ಟನೆ "ಆಸ್ಪೆನ್" ಅಂದರು. ಎಳೆ? "ಎರಡೂ ಕೊಲರಾಡೋದಲ್ಲೇ ಇವೆಯಲ್ಲ!" ಇದೂ ಒಂದು ಎಳೆಯೇ? ನಾನು ಆಸ್ಪೆನ್‌ನಿಂದ ಯೂಟಾದ ಪಾರ್ಕ್ ಸಿಟಿಗೆ ಹಾರಿದೆ. ಎರಡೂ ಒಂದು ಕಾಲಕ್ಕೆ ಬೆಳ್ಳಿ ಗಣಿಯ ಊರುಗಳು. ಗಣಿ ಕೈಕೊಟ್ಟ ಮೇಲೆ ಹಿಮವೇ ಅನ್ನ ಹಾಕಿತು. ಮಗಳು ಅಲ್ಲಿಂದ ಫ್ರಾನ್ಸಿನ ಶಮೋನಿಗೆ ಹೋದಳು. ಪಾರ್ಕ್ ಸಿಟಿಯಲ್ಲಿ 2002ರ ಒಲಿಂಪಿಕ್ಸ್ ಸ್ಪರ್ಧೆಗಳಾದವು, ಮೊಟ್ಟಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು 1924ರಲ್ಲಿ, ಶಮೋನಿಯಲ್ಲಿ. ನಾನು ಬಿಡಬೇಕಲ್ಲ! ಥಾಮಸ್ ಮನ್‌ನ 'ದಿ ಮ್ಯಾಜಿಕ್ ಮೌಂಟನ್' ಬಂದದ್ದೂ 1924ರಲ್ಲೇ. ಆ ಕಾದಂಬರಿಯ ಕ್ಷಯದ ಆಸ್ಪತ್ರೆ ಇರುವುದು ದಾವೋಸ್‌ನಲ್ಲಿ. ದಾವೋಸ್ ಅಂದದ್ದೇ ತಡ, ಮಗ "ಆರೋಸಾ" ಎಂದು ಕೂಗಿದ. ಕ್ಷಯದ ಹೆಂಡತಿಗಾಗಿ ದಾವೋಸ್‌ನಲ್ಲಿದ್ದ ಆರ್ಥರ್ ಕಾನನ್ ಡಾಯ್ಲ್ 1894ರಲ್ಲಿ ಸ್ಕೀ ಕಟ್ಟಿಕೊಂಡು ಬೆಟ್ಟ ದಾಟಿ ಆರೋಸಾ ಸೇರಿದ್ದನಂತೆ. ಹುಡುಗನ ಷರ್ಲಾಕ್ ಹೋಮ್ಸ್ ಹುಚ್ಚು ಕೊನೆಗೂ ಕೆಲಸಕ್ಕೆ ಬಂತು.

ಆದರೆ ಎಲ್ಲರ ಬಾಯಿ ಮುಚ್ಚಿಸಿದ್ದು ಸ್ಕೀ ಕಾಲಿಗೆ ಕಟ್ಟಿಯೇ ಅರಿಯದ ನಮ್ಮತ್ತೆ. ಕಾರು ಐಸೆನ್‌ಹೋವರ್ ಸುರಂಗದೊಳಗೆ ತೆವಳುತ್ತಿತ್ತು. ಅದರ ನೆತ್ತಿಯ ಮೇಲೇ ಲವ್‌ಲ್ಯಾಂಡ್‌ನ ಸ್ಕೀ ಇಳಿಜಾರು. "ಅಜ್ಜಿ, ಲವ್‌ಲ್ಯಾಂಡ್!"

"ಗುಲ್ಮಾರ್ಗ್."

"ಅದು ಹ್ಯಾಗೆ?"

"ಲವ್ ಅಂದ್ರೆ 'ಬಾಬಿ' ಸಿನಿಮಾ ಕಣೋ. ಅದರ ಹಾಡು ತೆಗೆದ ಮನೆಯನ್ನ ಗುಲ್ಮಾರ್ಗಿನಲ್ಲಿ ಬಾಬಿ ಹಟ್ ಅಂತಲೇ ಕರೀತಾರೆ. ಸಾಲದಾ? ಈ ಸುರಂಗ 1973ರಲ್ಲಿ ತೆರೆದದ್ದು ಅಂತ ಈಗಷ್ಟೇ ಅಂದೆಯಲ್ಲ, ಬಾಬಿ ಬಂದದ್ದೂ ಅದೇ ವರ್ಷ!"

ಒಂದು ಊರಿಗೆ ಎರಡೆರಡು ಎಳೆ! ಅಲ್ಲಿಂದಾಚೆ ನಮ್ಮಲ್ಲಿ ಕಾಯಂ ಕಾನೂನು: ಪಕ್ಕದೂರು ಹೇಳಿದವರಿಗೆ ಸೊನ್ನೆ, ಸಮುದ್ರ ದಾಟಿದವರಿಗೇ ಅಂಕ.

ನೀವೂ ಆಡಿ. ಕೆನಡಾದ ವಿಸ್ಲರ್, ಮಾರ್ಮಟ್ ಎಂಬ ಪ್ರಾಣಿಯ ಸಿಳ್ಳೆಯಿಂದ ಹೆಸರು ಪಡೆದ ಊರು. ಹ್ಞೂಂ, ಈಗ ನಿಮ್ಮ ಸರದಿ.